ಮೊದಲ ಜೇನು ಪೆಟ್ಟಿಗೆ ನೆರೆಕರೆಯ ಅಳತೆಯದ್ದೇ ಇರಲಿ

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದೆಲ್ಲ ಬಂದಿದ್ದೀರಿ. ತೋಟದ ಕೆಲಸ ಬಿಟ್ಟು ಬಂದದ್ದಕ್ಕೆ ಖುಷಿ. ಒಳಗೆ ಬರುವಷ್ಟರಲ್ಲೇ ಮೂರು ಜನ ಕೇಳಿಯಾಯಿತು, "ಯಾವ ಪೆಟ್ಟಿಗೆ ತಗೊಳ್ಳೋದು ಒಳ್ಳೇದು?" ಅಂತ. ನಿಮ್ಮ ಮನೆಗೆ ಹತ್ತಿರ ಜೇನು ಸಾಕುವವರು ಯಾರಿದ್ದಾರೋ, ಅವರ ಪೆಟ್ಟಿಗೆಯ ಅಳತೆ ಏನೋ, ನಿಮ್ಮದೂ ಅದೇ ಇರಲಿ. ಇಷ್ಟು ಹೇಳಿ ಕೂತರೆ ನಮಗೆಲ್ಲ ಚಹಾ ಬೇಗ ಸಿಗುತ್ತದೆ. ಆದರೆ ಯಾಕೆ ಅಂತ ಹೇಳದಿದ್ದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನನ್ನ ಮೊದಲ ಪೆಟ್ಟಿಗೆ ಒಂದು ಮೇಳದಲ್ಲಿ ಕೊಂಡದ್ದು. ಸಾಗುವಾನಿ ಮರ, ವಾರ್ನಿಷು, ಮುಚ್ಚಳಕ್ಕೆ ಹಿತ್ತಾಳೆಯ ಕೊಂಡಿ. ದೇವರ ಕೋಣೆಯಲ್ಲಿ ಇಡಬಹುದಿತ್ತು, ಅಷ್ಟು ಚಂದ. ನೆರೆಮನೆಯ ಅಣ್ಣ ತಮ್ಮ ಒಂದು ಕುಟುಂಬವನ್ನು ಪಾಲು ಮಾಡಿ, ರಾಣಿ ಸಮೇತ ನಾಲ್ಕು ಎರಿ ಕೊಡುತ್ತೇನೆ ಅಂದಿದ್ದರು. ಎರಿ ಅಂದರೆ ಪೆಟ್ಟಿಗೆಯೊಳಗಿನ ಮರದ ಚೌಕಟ್ಟಿನಲ್ಲಿ ನೊಣಗಳು ಕಟ್ಟುವ ಮೇಣದ ಹುಟ್ಟು. ಸಂಜೆ ಬಂದು, ಎರಿ ತುಂಬಿದ ಚೌಕಟ್ಟನ್ನು ಎತ್ತಿ ನನ್ನ ಪೆಟ್ಟಿಗೆಗೆ ಇಳಿಸಲು ನೋಡಿದರು. ಇಳಿಯಲಿಲ್ಲ. ಚೌಕಟ್ಟಿನ ಮೇಲಿನ ಪಟ್ಟಿ ಅರ್ಧ ಅಂಗುಲ ಹೆಚ್ಚು ಉದ್ದ.

ಬೇರೆ ದಾರಿ ಇರಲಿಲ್ಲ. ಚೌಕಟ್ಟಿನಿಂದ ಎರಿ ಕೊಯ್ದು, ನನ್ನ ಚೌಕಟ್ಟಿಗೆ ಆನಿಸಿ, ಬಾಳೆನಾರಿನಲ್ಲಿ ಕಟ್ಟಿದೆವು. ಕೊಯ್ಯುವಾಗ ಚೂರಿಗೆ ಸಿಕ್ಕ ಮರಿಗಳ ಹಾಲು ಬೆರಳಿಗೆಲ್ಲ ಮೆತ್ತಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಹಿಂಡು ಹಲಸಿನ ಮರದ ತುದಿಯಲ್ಲಿ ನೇತಾಡುತ್ತಿತ್ತು, ಮಧ್ಯಾಹ್ನಕ್ಕೆ ಅಲ್ಲಿಂದಲೂ ಹೋಯಿತು. ಅಣ್ಣ ಬೈಯಲಿಲ್ಲ. "ಇನ್ನು ಅದರಲ್ಲಿ ಅಡಿಕೆ ಹಾಕಿಡು" ಅಂದರು, ಅಷ್ಟೇ.

ಅರ್ಧ ಅಂಗುಲಕ್ಕೆ ಇಷ್ಟೊಂದು ರಂಪವಾ ಅಂತ ಅನಿಸಬಹುದು. ಜೇನು ಸಾಕಣೆ ನಿಂತಿರುವುದೇ ಇಂಥ ಸಣ್ಣ ಅಳತೆಗಳ ಮೇಲೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ಸಂಗತಿ ಗಮನಿಸಿದರು. ಎರಿಯ ಸುತ್ತ ಸುಮಾರು 3/8 ಅಂಗುಲ ಜಾಗ ಬಿಟ್ಟರೆ ನೊಣಗಳು ಅದನ್ನು ಓಡಾಡುವ ದಾರಿ ಅಂತ ಖಾಲಿ ಬಿಡುತ್ತವೆ. ಜಾಸ್ತಿ ಬಿಟ್ಟರೆ ಅಲ್ಲೂ ಎರಿ ಕಟ್ಟಿ ಎಲ್ಲವನ್ನೂ ಅಂಟಿಸುತ್ತವೆ. ನಾವು ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು ತುಡುವೆ ಸಣ್ಣ ಜಾತಿ, ಅದರ ದಾರಿ ಇನ್ನೂ ಕಿರಿದು. ಆ ದಾರಿ ಸರಿಯಿದ್ದರೆ ಮಾತ್ರ ಚೌಕಟ್ಟನ್ನು ಪುಸ್ತಕದ ಹಾಳೆಯ ಹಾಗೆ ಒಂದೊಂದೇ ಎತ್ತಿ ನೋಡಬಹುದು. ಬಡಗಿಯ ಹತ್ತಿರ ಮಾಡಿಸುವುದಾದರೆ ಚಿತ್ರ ತೋರಿಸಬೇಡಿ. ಒಂದು ಹಳೆ ಚೌಕಟ್ಟನ್ನೇ ಕೈಗೆ ಕೊಡಿ.

ನಮ್ಮಲ್ಲಿ ಹೆಚ್ಚಾಗಿ ಇರುವುದು ನ್ಯೂಟನ್ ಪೆಟ್ಟಿಗೆ. ಸೇಬಿನ ನ್ಯೂಟನ್ ಅಲ್ಲ! ಇವರೂ ಒಬ್ಬ ಪಾದ್ರಿಯೇ. 1911ರಿಂದ 1917ರವರೆಗೆ ದಕ್ಷಿಣ ಭಾರತದಲ್ಲಿ ಹಳ್ಳಿಯವರಿಗೆ ಜೇನು ಸಾಕಣೆ ಕಲಿಸಿದವರು. ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆ ಅವರದು. ಮೊಟ್ಟೆ, ಮರಿ ಇರುವ ಸಂಸಾರದ ಕೋಣೆಯ ಚೌಕಟ್ಟು ಒಳಗಿನಿಂದ 8¼ ಅಂಗುಲ ಉದ್ದ, 5¾ ಅಂಗುಲ ಎತ್ತರ. ಅದರ ಮೇಲೆ ಕೂರುವ ಜೇನು ಕೋಣೆಯ ಚೌಕಟ್ಟಿನ ಎತ್ತರ ಅರ್ಧಕ್ಕೂ ಕಡಿಮೆ. ಆದರೆ ಹೆಸರು ಒಂದೇ ಆದರೂ ಒಬ್ಬೊಬ್ಬ ಬಡಗಿಯದು ಒಂದೊಂದು ಅಳತೆ. ಅದಕ್ಕೇ ಹೇಳಿದ್ದು, ನೆರೆಕರೆಯದ್ದನ್ನು ಅಳೆದು ನೋಡಿ ಅಂತ.

ಅಳತೆ ಒಂದೇ ಆದರೆ ಏನು ಲಾಭ? ನಿಮ್ಮ ರಾಣಿ ಸತ್ತಳು ಅಂತ ಇಟ್ಟುಕೊಳ್ಳಿ. ನೆರೆಮನೆಯಿಂದ ಹೊಸ ಮೊಟ್ಟೆ ಇರುವ ಒಂದು ಎರಿ ತಂದು ನಡುವೆ ಇಳಿಸಿದರೆ, ನೊಣಗಳೇ ಅದರಲ್ಲಿ ಹೊಸ ರಾಣಿಯನ್ನು ಸಾಕುತ್ತವೆ. ಮೊಟ್ಟೆ ರಾಣಿಯಾಗಿ ಹೊರಬರಲು ಸುಮಾರು 16 ದಿನ. ಜೇನು ತೆಗೆಯುವ ಯಂತ್ರವೂ ಹಾಗೆಯೇ, ಚೌಕಟ್ಟಿನ ಅಳತೆ ಒಂದೇ ಆದರೆ ನೆರೆಯವರದ್ದೇ ಸಾಕು. ಒಂದು ಪೆಟ್ಟಿಗೆಗೆ ಒಂದು ಯಂತ್ರ ಕೊಳ್ಳುವುದು ಹುಚ್ಚು. ಕೇಳಿ ತಂದು, ತೊಳೆದು, ಒಂದು ಬಾಟಲಿ ಜೇನಿನ ಜೊತೆ ವಾಪಸು ಕೊಡಿ.

ಇಟಾಲಿಯನ್ ನೊಣದ ಬಗ್ಗೆ ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಅದು ದೊಡ್ಡ ಹತ್ತು ಚೌಕಟ್ಟಿನ ಪೆಟ್ಟಿಗೆಯ ನೊಣ. ಮೇವು ಜಾಸ್ತಿ ಬೇಕು, ಹೂವು ಮುಗಿದ ಕಡೆಯಿಂದ ಹೂವಿರುವ ಕಡೆಗೆ ಪೆಟ್ಟಿಗೆ ಹೊತ್ತು ಸಾಗಬೇಕು. ಮೊದಲ ವರ್ಷಕ್ಕೆ ಬೇಡ. ಹೆಜ್ಜೇನು, ಕೋಲುಜೇನು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಕುಟುಕಿಗೆ ತುಂಬ ಹೆದರುವವರು ಕುಟುಕದ ಸಣ್ಣ ಜೇನು ಮುಜಂಟಿಯಿಂದ ಶುರು ಮಾಡಬಹುದು. ಮಲಯಾಳದಲ್ಲಿ ಚೆರುತೇನ್ ಅಂತಾರಲ್ವಾ, ಅದೇ. ಬಿದಿರಿನ ಅಂಡೆಯೂ ಸಾಕು. ಜೇನು ಸ್ವಲ್ಪವೇ ಸಿಗುವುದು, ಬೆಲೆ ಮಾತ್ರ ಜೋರು.

ಪೆಟ್ಟಿಗೆಗಿಂತ ಜಾಸ್ತಿ ಹೊತ್ತು ಒಳಗಿನ ಕುಟುಂಬ ನೋಡಲು ಕೊಡಿ. ಮಾರುವವರು ಮುಚ್ಚಳ ತೆಗೆದು "ನೋಡಿ ಎಷ್ಟು ನೊಣ!" ಅನ್ನುತ್ತಾರೆ. ನೀವು ಚೌಕಟ್ಟು ಎತ್ತಿ ಅಂತ ಹೇಳಿ. ಬಿಸಿಲಿಗೆ ಬೆನ್ನು ಹಾಕಿ ನಿಂತು, ಬೆಳಕು ನಿಮ್ಮ ಭುಜದ ಮೇಲಿಂದ ಕೋಶದೊಳಗೆ ಬೀಳುವ ಹಾಗೆ ಎರಿಯನ್ನು ಹಿಡಿಯಿರಿ. ತಳದಲ್ಲಿ ದಾರದ ತುಂಡಿನ ಹಾಗೆ ಬಿಳಿ ಮೊಟ್ಟೆ ಕಾಣಬೇಕು. ನೆಟ್ಟಗೆ ನಿಂತಿದ್ದರೆ ಇವತ್ತು ಇಟ್ಟದ್ದು ಅಂತ ಲೆಕ್ಕ. ಮೊಟ್ಟೆ ಇದ್ದರೆ ರಾಣಿಯನ್ನು ಹುಡುಕುವ ಕಷ್ಟ ಬೇಡ, ಎರಡು ಮೂರು ದಿನದ ಹಿಂದಿನವರೆಗಂತೂ ಅವಳು ಇದ್ದಳು. ಮುಚ್ಚಿದ ಮರಿಕೋಶ ಒತ್ತೊತ್ತಾಗಿರಲಿ, ತೂತು ತೂತಾಗಿ ಅಲ್ಲ. ಎರಿಯ ಮೇಲೆ ಜೇಡರ ಬಲೆಯಂಥ ಎಳೆ ಕಂಡರೆ ಮೇಣದ ಹುಳು ಹೊಕ್ಕಿದೆ. ಮರಿ ತಲೆ ಮೇಲೆ ಮಾಡಿ ಸತ್ತಿದ್ದು, ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬಂದರೆ ಸುಮ್ನೆ ಮನೆಗೆ ಬನ್ನಿ. ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಮೊದಲಲ್ಲಿ ಕೇರಳ, ಕರ್ನಾಟಕ ಎರಡೂ ಕಡೆ ತುಡುವೆ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿದ ರೋಗ.

ತುಲಾ ಸಂಕ್ರಮಣ ಕಳೆಯಿತು, ಮಳೆ ಬಿಡುತ್ತಿದೆ. ಶುರು ಮಾಡಲು ಇದೇ ಹೊತ್ತು. ಈಗ ತಂದರೆ ಎರಡು ಮೂರು ತಿಂಗಳು ಕುಟುಂಬ ಬೆಳೆಯುತ್ತದೆ, ರಬ್ಬರ್ ಎಲೆ ಉದುರಿ ಚಿಗುರುವಾಗ ತಯಾರಾಗಿರುತ್ತದೆ. ರಬ್ಬರಿನಲ್ಲಿ ನೊಣ ಹೀರುವ ಸಿಹಿ ರಸ ಬರುವುದು ಹೂವಿನಿಂದಲ್ಲ, ಎಳೆ ಎಲೆಯ ತೊಟ್ಟಿನ ತುದಿಯಿಂದ. ಅದು ಗೊತ್ತಿಲ್ಲದೆ ಹೂವು ಹುಡುಕುತ್ತಾ ತಲೆ ಮೇಲೆ ಮಾಡಿ ತಿರುಗಿದವನು ನಾನು. ಮಾರ್ಚ್, ಏಪ್ರಿಲ್‌ನಲ್ಲಿ ಆಸೆಗೆ ಬಿದ್ದು ಕೊಳ್ಳಬೇಡಿ. ಜೇನು ಮುಗಿಯುತ್ತಾ ಬಂದಿರುತ್ತದೆ, ಮುಂದೆ ಇಡೀ ಮಳೆಗಾಲ ಸಕ್ಕರೆ ಪಾಕ ಕೊಟ್ಟು ಸಾಕಬೇಕು.

ಜಾಗದ ಬಗ್ಗೆ ಒಂದೇ ಮಾತು. ನಮ್ಮ ಊರಿಗೆ ಮದ್ದಿನ ಕಥೆ ಹೊಸದಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಇಲ್ಲಿ ಕೂತ ಹಿರಿಯರು ಕಣ್ಣಾರೆ ನೋಡಿದ್ದಾರೆ. ಈಗಲೂ ನೆರೆಯ ತೋಟದಲ್ಲಿ ಏನು, ಯಾವಾಗ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಅವರು ಒಂದು ದಿನ ಮುಂಚೆ ಫೋನ್ ಮಾಡಿದರೂ ಸಾಕು.

ಹೊರಗೆ ಹಲಸಿನ ಮರದಡಿ ನನ್ನ ಒಂದು ಪೆಟ್ಟಿಗೆ ಇಟ್ಟಿದ್ದೇನೆ. ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ ನೀರಿದೆ, ಇರುವೆ ಹತ್ತದ ಹಾಗೆ, ಎಡವಬೇಡಿ. ಐದೈದು ಜನ ಬನ್ನಿ. ಸೆಂಟು ಹಾಕಿಕೊಂಡವರು ಸ್ವಲ್ಪ ದೂರ ನಿಲ್ಲಿ. ಅಳತೆ ಪಟ್ಟಿ ತಂದಿದ್ದೇನೆ, ಚೌಕಟ್ಟನ್ನು ನೀವೇ ಅಳೆದು ಬರೆದುಕೊಳ್ಳಿ.