ಮಿಶಿಗನ್ನಾ, ಅಲಬಾಮಾನಾ? ಮ್ಯಾಚಿಗೆ ಮುಂಚಿನ ಒಂದು ತಿಂಗಳ ಜಗಳ

[ಸ್ಕ್ರೀನ್ ಮೇಲೆ: ಎರಡು ಹೆಲ್ಮೆಟ್. ಒಂದು ಕಡುನೀಲಿ, ಹಣೆ ಮೇಲೆ ಹಳದಿ ರೆಕ್ಕೆ. ಇನ್ನೊಂದು ಕಡುಗೆಂಪು, ಪಕ್ಕದಲ್ಲಿ ಲೋಗೋನೇ ಇಲ್ಲ, ಆಟಗಾರನ ನಂಬರ್ ಮಾತ್ರ.]

ನಮಸ್ಕಾರ. ಮ್ಯಾಚ್ ನಡೆದದ್ದು 2024ರ ಜನವರಿ 1ಕ್ಕೆ, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ, ರೋಸ್ ಬೌಲ್ ಸ್ಟೇಡಿಯಂನಲ್ಲಿ. ಆದರೆ ಜಗಳ ಶುರುವಾಗಿದ್ದು 2023ರ ಡಿಸೆಂಬರ್ 3ರ ಭಾನುವಾರ. ಅವತ್ತು 13 ಜನರ ಸಮಿತಿಯೊಂದು ಅಮೆರಿಕದ ಕಾಲೇಜ್ ಫುಟ್‌ಬಾಲ್ ಪ್ಲೇಆಫ್‌ಗೆ ನಾಲ್ಕು ತಂಡಗಳ ಹೆಸರು ಹೇಳಿತು. ಒಂದನೇ ನಂಬರ್ ಮಿಶಿಗನ್, ನಾಲ್ಕನೇ ನಂಬರ್ ಅಲಬಾಮಾ. ಇಬ್ಬರೂ ಸೆಮಿಫೈನಲ್‌ನಲ್ಲಿ ಎದುರುಬದುರು, ಆ ಮ್ಯಾಚಿನ ಹೆಸರೂ ರೋಸ್ ಬೌಲ್. ಮ್ಯಾಚಿಗೆ ಇನ್ನೂ ನಾಲ್ಕು ವಾರ ಇದೆ, ಅಲ್ಲಿಯವರೆಗೆ ಎರಡೂ ಕಡೆಯ ಅಭಿಮಾನಿಗಳಿಗೆ ಮಾಡೋಕೆ ಬೇರೆ ಕೆಲಸ ಇಲ್ಲ. ನಮ್ಮ ತಂಡ ದೊಡ್ಡದು, ನಿಮ್ಮದು ಸುಮ್ನೆ ಗಾಳಿ ಅಂತ ಸಾಬೀತು ಮಾಡೋದೊಂದೇ.

ಇದು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಗೊತ್ತಲ್ಲ. ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ, ಆಗದಿದ್ದರೆ ಚೆಂಡು ಎದುರಾಳಿಗೆ. ಇವತ್ತಿನ ವಿಡಿಯೋಗೆ ಇಷ್ಟು ಸಾಕು.

ನಾನು ಹೇಳಬೇಕೆಂದಿರೋದು ಆ ಅಭಿಮಾನಿಗಳು ಹೇಗೆ ಹೋಲಿಸಿದರು ಅನ್ನೋದನ್ನು. ಯಾಕಂದ್ರೆ ಉತ್ತರ ಅವರ ಕಣ್ಣೆದುರೇ ಇತ್ತು, ಅದು ಬೇಸರದ ಉತ್ತರವಾಗಿದ್ದರಿಂದ ಜಾಸ್ತಿ ಜನ ಅತ್ತ ತಲೆ ಹಾಕಲಿಲ್ಲ.

ಮೊದಲ ತೊಂದರೆ ಏನು ಅಂದ್ರೆ, ಈ ಎರಡು ತಂಡವನ್ನು ಹೋಲಿಸೋಕೆ ನೇರವಾದ ಅಳತೆಗೋಲೇ ಇಲ್ಲ. ನಮ್ಮ ಐಪಿಎಲ್‌ನಲ್ಲಿ ಹತ್ತು ತಂಡ, ಲೀಗ್ ಮುಗಿಯೋ ಹೊತ್ತಿಗೆ ಎಲ್ಲರೂ ಎಲ್ಲರ ಜೊತೆ ಒಂದು ಸಲವಾದರೂ ಆಡಿರುತ್ತಾರೆ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಮೇಲಿನ ಹಂತದಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ, ಒಂದೊಂದಕ್ಕೆ ರೆಗ್ಯುಲರ್ ಸೀಸನ್‌ನಲ್ಲಿ ಸಿಗೋದು 12 ಮ್ಯಾಚ್. ಮಿಶಿಗನ್ ಇರೋದು ಬಿಗ್ ಟೆನ್ ಅನ್ನುವ ಗುಂಪಿನಲ್ಲಿ, ಉತ್ತರದ ಚಳಿಯಲ್ಲಿ. ಅಲಬಾಮಾ ಇರೋದು ಎಸ್‌ಇಸಿ ಗುಂಪಿನಲ್ಲಿ, ದಕ್ಷಿಣದಲ್ಲಿ. ಆ ವರ್ಷ ಇಬ್ಬರೂ ಆಡಿದ ಎದುರಾಳಿಗಳ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ, ಎರಡರಲ್ಲೂ ಇರುವ ಹೆಸರು ಒಂದೂ ಸಿಗಲ್ಲ.

ಹಾಗಾದರೆ ಅಭಿಮಾನಿ ಏನು ಮಾಡುತ್ತಾನೆ? ಸರಪಳಿ ಕಟ್ಟುತ್ತಾನೆ. ನಾವು ಅವರನ್ನು ಸೋಲಿಸಿದ್ವಿ, ಅವರು ಇವರನ್ನು ಸೋಲಿಸಿದ್ರು, ಆದ್ದರಿಂದ ನಾವೇ ಮೇಲು. ಅಲಬಾಮಾದವರ ಸರಪಳಿ ಗಟ್ಟಿಯಾಗೇ ಇತ್ತು ಅನ್ನಿ. ಡಿಸೆಂಬರ್ 2ಕ್ಕೆ ಎಸ್‌ಇಸಿ ಫೈನಲ್‌ನಲ್ಲಿ ಅವರು ಜಾರ್ಜಿಯಾವನ್ನು 27-24ರಲ್ಲಿ ಸೋಲಿಸಿದ್ದರು. ಜಾರ್ಜಿಯಾ ಅಂದರೆ ಎರಡು ವರ್ಷ ಸತತ ಚಾಂಪಿಯನ್, 29 ಮ್ಯಾಚ್ ಸೋಲೇ ಇಲ್ಲದೆ ಬಂದ ತಂಡ. ಅದನ್ನೇ ಮಲಗಿಸಿದವರಿಗೆ ಮಿಶಿಗನ್ ಯಾವ ಲೆಕ್ಕ?

ಮಿಶಿಗನ್‌ನವರೂ ಸುಮ್ಮನಿರಲಿಲ್ಲ. ಅವರು ಅಲಬಾಮಾದ ಸರಪಳಿಯನ್ನು ಹಿಡಿದು ಇನ್ನೊಂದು ಕಡೆ ಎಳೆದರು. ನವೆಂಬರ್ 18ಕ್ಕೆ ಆಬರ್ನ್ ತಂಡ ತನ್ನದೇ ಮೈದಾನದಲ್ಲಿ ನ್ಯೂ ಮೆಕ್ಸಿಕೋ ಸ್ಟೇಟ್ ಎಂಬ ಸಣ್ಣ ತಂಡದ ಕೈಲಿ 31-10ರಿಂದ ಸೋತಿತ್ತು. ಒಂದು ವಾರ ಆದಮೇಲೆ ಅದೇ ಆಬರ್ನ್ ಮೇಲೆ ಅಲಬಾಮಾ ಗೆದ್ದಿದ್ದು ಬರೀ ಮೂರು ಪಾಯಿಂಟ್‌ನಿಂದ, ಅದೂ ಕೊನೆಯ ನಿಮಿಷದ ಪವಾಡದಿಂದ. ಹಾಗಾದರೆ ಲೆಕ್ಕದ ಪ್ರಕಾರ ನ್ಯೂ ಮೆಕ್ಸಿಕೋ ಸ್ಟೇಟ್ ಅಲಬಾಮಾಗಿಂತ ಮೇಲು, ಅಲ್ವಾ? ಸರಪಳಿ ಲೆಕ್ಕದ ಹಣೆಬರಹವೇ ಇಷ್ಟು. ಎಲ್ಲಿ ಬೇಕಾದರೂ ಕೊಂಡಿ ಹಾಕಬಹುದು.

[ಸ್ಕ್ರೀನ್ ಮೇಲೆ: ನಾಲ್ಕನೇ ಪ್ರಯತ್ನ, ಬೇಕಿರುವುದು 31 ಗಜ.]

ಆ ಪವಾಡವನ್ನು ಸ್ವಲ್ಪ ನಿಂತು ನೋಡಲೇಬೇಕು. ಹತ್ತು ಗಜಕ್ಕೆ ನಾಲ್ಕು ಪ್ರಯತ್ನ ಅಂದೆ ನೋಡಿ, ಅಲಬಾಮಾ ಅವತ್ತು ಹಿಂದೆ ಹಿಂದೆ ಹೋಗಿ ನಾಲ್ಕನೇ ಪ್ರಯತ್ನದಲ್ಲಿ 31 ಗಜ ಬೇಕಾದ ಸ್ಥಿತಿಗೆ ಬಂದು ನಿಂತಿತ್ತು. ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಮುಂದೆ 31 ಗಜ ದೂರದಲ್ಲಿ ಗೋಲ್ ಗೆರೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ನಾಯಕ, ಜೇಲನ್ ಮಿಲ್ರೋ. ಆಬರ್ನ್‌ನವರು ಜಾಸ್ತಿ ಜನರನ್ನು ಹಿಂದೆ ನಿಲ್ಲಿಸಿ, ಅವನ ಮೇಲೆ ನುಗ್ಗಲು ಬೆರಳೆಣಿಕೆಯವರನ್ನು ಮಾತ್ರ ಬಿಟ್ಟರು. ಮಿಲ್ರೋಗೆ ಸಮಯ ಸಿಕ್ಕಿತು. ನಿಂತ, ನೋಡಿದ, ಎಡ ಮೂಲೆಗೆ ಎಸೆದ. ಐಸೇಯಾ ಬಾಂಡ್ ಅನ್ನುವ ಹುಡುಗ ಗೆರೆ ದಾಟಿದ ಜಾಗದಲ್ಲಿ ಹಿಡಿದುಬಿಟ್ಟ. ಚೆಂಡು ಹೀಗೆ ಗೋಲ್ ಗೆರೆ ದಾಟಿದರೆ ಅದಕ್ಕೆ ಟಚ್‌ಡೌನ್ ಅಂತಾರೆ. ಈ 'ಸಮಯ ಸಿಕ್ಕಿತು' ಅನ್ನುವ ಮಾತನ್ನು ತಲೆಯಲ್ಲಿ ಇಟ್ಟುಕೊಂಡಿರಿ.

ಇನ್ನೊಂದು ವಾದ, ಹೆಸರಿನದು. ಅಲಬಾಮಾ ಕೋಚ್ ನಿಕ್ ಸೇಬನ್, 72 ವರ್ಷ, ಅಲಬಾಮಾದಲ್ಲೇ ಆರು ರಾಷ್ಟ್ರೀಯ ಪ್ರಶಸ್ತಿ, ಅದಕ್ಕೂ ಮುಂಚೆ 2003ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ತಂಡದ ಜೊತೆ ಒಂದು. ನಾಲ್ಕು ತಂಡಗಳ ಪ್ಲೇಆಫ್ ನಡೆದ ಹತ್ತು ವರ್ಷದಲ್ಲಿ ಅಲಬಾಮಾಗೆ ಎಂಟನೇ ಸಲ ಟಿಕೆಟ್. ಮಿಶಿಗನ್ ಕೋಚ್ ಜಿಮ್ ಹಾರ್ಬಾ. ಅವರ ತಂಡ 2021ರ ಸೀಸನ್‌ನಲ್ಲಿ ಸೆಮಿಫೈನಲ್‌ಗೆ ಹೋಗಿ ಜಾರ್ಜಿಯಾ ಕೈಲಿ 34-11ರಿಂದ ಒದೆ ತಿಂದಿತ್ತು, 2022ರಲ್ಲಿ ಟಿಸಿಯು ಎಂಬ ತಂಡದ ಕೈಲಿ 51-45. ದೊಡ್ಡ ವೇದಿಕೆ ಅಂದರೆ ಮಿಶಿಗನ್ ಕೈಕಾಲು ನಡುಗುತ್ತೆ ಅಂತ ಅಲಬಾಮಾದವರು ಆಡಿಕೊಂಡಿದ್ದೇ ಆಡಿಕೊಂಡಿದ್ದು. ಜೊತೆಗೆ 2020ರ ಜನವರಿ 1ರ ಸಿಟ್ರಸ್ ಬೌಲ್ ತೆಗೆದರು, ಬೌಲ್ ಅಂದರೆ ಸೀಸನ್ ಕೊನೆಗೆ ನಡೆಯುವ ವಿಶೇಷ ಮ್ಯಾಚ್. ಇದೇ ಇಬ್ಬರು ಕೋಚ್, ಇದೇ ಎರಡು ತಂಡ, ಅಲಬಾಮಾ 35, ಮಿಶಿಗನ್ 16.

ಅದರಲ್ಲಿ ಆಡಿದ ಹುಡುಗರು ಹೆಚ್ಚುಕಮ್ಮಿ ಎಲ್ಲರೂ ಕಾಲೇಜು ಬಿಟ್ಟು ಹೋಗಿಯಾಗಿತ್ತು ಅನ್ನೋದು ಬೇರೆ ಮಾತು. ನಾಲ್ಕು ವರ್ಷ ಅಂದರೆ ಕಾಲೇಜಿನಲ್ಲಿ ಒಂದು ತಲೆಮಾರು. ಆದರೆ ಅಭಿಮಾನಿಗೆ ಜರ್ಸಿ ಬಣ್ಣ ಒಂದೇ ಇದ್ದರೆ ಸಾಕು.

ಮಿಶಿಗನ್‌ನ ಮೇಲೆ ಇನ್ನೊಂದು ಕಲೆ ಇತ್ತು, ಅದು ನಿಜಕ್ಕೂ ಕಲೆಯೇ. ಆಗಿನ್ನೂ ಕಾಲೇಜ್ ಆಟದಲ್ಲಿ ಹೆಲ್ಮೆಟ್ ಒಳಗೆ ರೇಡಿಯೋ ಇರಲಿಲ್ಲ, ಅದು ಬಂದದ್ದು 2024ರಲ್ಲಿ. ಹಾಗಾಗಿ ಮೈದಾನದ ಅಂಚಿನಿಂದ ಕೈಸನ್ನೆ, ಚಿತ್ರ ಬರೆದ ಬೋರ್ಡ್ ತೋರಿಸಿ ಮುಂದಿನ ಆಟ ಏನು ಅಂತ ಹೇಳುತ್ತಿದ್ದರು. ಟಿವಿಯಲ್ಲಿ ನೋಡಿ ಆ ಸನ್ನೆ ಬಿಡಿಸಿದರೆ ತಪ್ಪಲ್ಲ. ಮುಂದೆ ಎದುರಾಗುವ ತಂಡದ ಮ್ಯಾಚಿಗೆ ಜನ ಕಳಿಸಿ ನೋಡಿಸುವುದು ತಪ್ಪು. ಮಿಶಿಗನ್‌ನ ಒಬ್ಬ ಸಿಬ್ಬಂದಿ ಅದನ್ನೇ ದೊಡ್ಡ ಮಟ್ಟದಲ್ಲಿ ಮಾಡಿದ್ದಾನೆ ಅಂತ ಅಕ್ಟೋಬರ್‌ನಲ್ಲಿ ಸುದ್ದಿಯಾಯಿತು. ಬಿಗ್ ಟೆನ್ ಹಾರ್ಬಾ ಅವರನ್ನು ರೆಗ್ಯುಲರ್ ಸೀಸನ್‌ನ ಕೊನೆಯ ಮೂರು ಮ್ಯಾಚಿನಿಂದ ಹೊರಗಿಟ್ಟಿತು.

ಇದು ಅಲಬಾಮಾದವರ ತಲೆಯಲ್ಲಿ ಎಷ್ಟು ಕೂತಿತ್ತು ಅಂದರೆ, ರೋಸ್ ಬೌಲ್‌ಗೆ ಮುಂಚೆ ಪ್ರಾಕ್ಟೀಸ್ ವಿಡಿಯೋಗಳನ್ನು ಆಟಗಾರರು ತಮ್ಮ ಐಪ್ಯಾಡ್‌ನಲ್ಲಿ ಒಬ್ಬೊಬ್ಬರೇ ನೋಡುವಂತಿರಲಿಲ್ಲ, ಗುಂಪಾಗಿ ಕೂತೇ ನೋಡಬೇಕಿತ್ತು. ಪತ್ರಕರ್ತರ ಮುಂದೆ ಆಟಗಾರರೇ ಹೇಳಿದ್ದು ಇದು.

ಆದರೆ ಒಂದು ಮಾತು. ಹಾರ್ಬಾ ಇಲ್ಲದ ಆ ಮೂರು ಮ್ಯಾಚ್‌ನಲ್ಲಿ ಒಂದು ಪೆನ್ ಸ್ಟೇಟ್ ಮೇಲೆ, ಒಂದು ಒಹಾಯೋ ಸ್ಟೇಟ್ ಮೇಲೆ. ಎರಡೂ ಬಲವಾದ ತಂಡ. ಮಿಶಿಗನ್ ಮೂರನ್ನೂ ಗೆದ್ದಿತು. ಪೆನ್ ಸ್ಟೇಟ್ ಮೇಲಂತೂ ದ್ವಿತೀಯಾರ್ಧದಲ್ಲಿ ಅವರ ಲೆಕ್ಕದಲ್ಲಿ ಒಂದೇ ಒಂದು ಪಾಸ್ ಕೂಡ ದಾಖಲಾಗಲಿಲ್ಲ. ಚೆಂಡು ಕೈಯಲ್ಲಿ ಹಿಡಿದು ಓಡು, ಬೀಳು, ಏಳು, ಮತ್ತೆ ಓಡು. ನಾವು ಏನು ಮಾಡ್ತೀವಿ ಅಂತ ಇಡೀ ಸ್ಟೇಡಿಯಂಗೆ ಗೊತ್ತಿದ್ದೂ ತಡೆಯಲಾಗದಂತೆ ಮಾಡೋದು. ಅದಕ್ಕೆ ಯಾರ ಸನ್ನೆಯನ್ನೂ ಕದಿಯಬೇಕಾಗಿಲ್ಲ. ನನಗೆ ಆ ಸೀಸನ್‌ನಲ್ಲಿ ಮಿಶಿಗನ್ ಬಗ್ಗೆ ನಂಬಿಕೆ ಬಂದದ್ದು ಅವತ್ತೇ. ಬಿಗ್ ಟೆನ್ ಫೈನಲ್‌ನಲ್ಲಿ ಅಯೋವಾ ಮೇಲೆ 26-0 ಗೆದ್ದಾಗ ಅಲ್ಲ, ಯಾಕಂದ್ರೆ ಆ ವರ್ಷ ಅಯೋವಾಗೆ ಪಾಯಿಂಟ್ ಗಳಿಸೋದು ಅಂದ್ರೇನು ಅಂತಲೇ ಮರೆತುಹೋಗಿತ್ತು.

[ಸ್ಕ್ರೀನ್ ಮೇಲೆ: ಎದುರುಬದುರು ಬಾಗಿ ನಿಂತ ಎರಡು ಸಾಲು.]

ಈಗ ಆ ಬೇಸರದ ಉತ್ತರಕ್ಕೆ ಬರೋಣ. ಪ್ರತಿ ಸಲ ಆಟ ಶುರುವಾಗುವಾಗ ಮಧ್ಯದಲ್ಲಿ ದಪ್ಪದಪ್ಪ ಹುಡುಗರು ಎದುರುಬದುರು ಬಾಗಿ ನಿಂತಿರುತ್ತಾರಲ್ಲ, ಅವರ ಹೆಸರು ಯಾರಿಗೂ ಬೇಕಾಗಿಲ್ಲ. ಚೆಂಡು ಇರುವ ತಂಡದ ಐದು ಜನ ತಮ್ಮ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ. ಎದುರಿನವರು ಆ ಗೋಡೆ ಒಡೆದು ಬರಬೇಕು. ಎಸೆಯುವ ಮುಂಚೆಯೇ ಅವನನ್ನು ಗೆರೆಯ ಹಿಂದೆ ಕೆಡವಿದರೆ ಅದಕ್ಕೆ ಸ್ಯಾಕ್ ಅಂತಾರೆ. ಅಲಬಾಮಾ ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಸ್ಯಾಕ್ ತಿಂದ ತಂಡಗಳಲ್ಲಿ ಒಂದು. ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಅವರ ಊರು ಟಸ್ಕಲೂಸಾಗೇ ಬಂದು 34-24ರಿಂದ ಸೋಲಿಸಿ ಹೋದಾಗಲೂ ಮಿಲ್ರೋ ಮೇಲಿಂದ ಮೇಲೆ ನೆಲಕ್ಕೆ ಬೀಳುತ್ತಿದ್ದ. ಮುಂದಿನ ವಾರ ಅವನನ್ನು ಬೆಂಚಿನ ಮೇಲೆ ಕೂರಿಸಿದರು, ಆಮೇಲೆ ವಾಪಸ್ ತಂದರು, ಅಲ್ಲಿಂದ ಅವನು ಅದ್ಭುತವಾಗಿ ಬೆಳೆದ. ಆ ಸೋಲಿನ ನಂತರ ಅಲಬಾಮಾಗೆ ಸತತ 11 ಗೆಲುವು. ಮಿಲ್ರೋ ಬೆಳೆದ, ಆದರೆ ಅವನ ಮುಂದಿನ ಗೋಡೆ ಅಷ್ಟು ಬೆಳೆಯಲಿಲ್ಲ. ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾರಲ್ಲ, ಸ್ನ್ಯಾಪ್, ಅದೂ ಆಗಾಗ ನೆಲಕ್ಕೆ ಹತ್ತಿರ ಹೋಗಿ ಬೀಳುತ್ತಿತ್ತು.

ಎದುರಿಗೆ ಯಾರು? ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್, ಕ್ರಿಸ್ ಜೆಂಕಿನ್ಸ್. ದೇಶದಲ್ಲೇ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟ ತಂಡದ ಮುಂದಿನ ಸಾಲು.

ಇಷ್ಟು ನೋಡಿದವರಿಗೆ ಮ್ಯಾಚ್ ಹೇಗೆ ಹೋಗಬಹುದು ಅಂತ ಅರ್ಧ ಗೊತ್ತಾಗಿತ್ತು. ಆದರೆ ಗೋಡೆಯ ಬಗ್ಗೆ ಯಾರು ಜಗಳ ಆಡ್ತಾರೆ? ಮಿಶಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ಗೆ ಎಂ.ಎಸ್ ಮಾಡಲು ಹೋಗಿ ಮೊದಲ ವರ್ಷದಲ್ಲೇ 'ಗೋ ಬ್ಲೂ' ಅನ್ನೋಕೆ ಕಲಿತ ನಮ್ಮ ಹುಡುಗರೂ ಬ್ಲೇಕ್ ಕೋರಮ್ ಎಷ್ಟು ಟಚ್‌ಡೌನ್ ಓಡಿದ ಅಂತ ಹೇಳ್ತಾರೆ, ಅಷ್ಟೊತ್ತಿಗೆ ಆ ಸೀಸನ್‌ನಲ್ಲಿ 24. ಅವನಿಗೆ ದಾರಿ ಬಿಡಿಸಿದವರ ಹೆಸರು ಕೇಳಿ ನೋಡಿ, ಅದರಲ್ಲೊಬ್ಬ ಝ್ಯಾಕ್ ಝಿಂಟರ್ ಒಹಾಯೋ ಸ್ಟೇಟ್ ಮ್ಯಾಚಿನಲ್ಲಿ ಕಾಲು ಮುರಿದುಕೊಂಡು ರೋಸ್ ಬೌಲ್ ಆಡಲೇ ಇಲ್ಲ. ಅವನನ್ನು ಮೈದಾನದಿಂದ ಹೊರಗೆ ಕರೆದೊಯ್ದ ಮರುಕ್ಷಣದ ಆಟದಲ್ಲೇ ಕೋರಮ್ 22 ಗಜ ಓಡಿ ಟಚ್‌ಡೌನ್ ಮಾಡಿದ್ದು.

ಸರಿ, ಜನವರಿ 1. ಸ್ಟೇಡಿಯಂನಲ್ಲಿ 96 ಸಾವಿರಕ್ಕೂ ಹೆಚ್ಚು ಜನ. ಮೊದಲಾರ್ಧದಲ್ಲೇ ಮಿಲ್ರೋ ಐದು ಸಲ ಸ್ಯಾಕ್ ಆದ. ಗೋಡೆಯೇ ಅಲ್ಲ ಅದು, ಬೇಲಿ. ಅಷ್ಟಾದರೂ ಮಿಶಿಗನ್ ಮುಂದಿದ್ದದ್ದು 13-10 ಮಾತ್ರ. ಯಾಕೆ? ಯಾರ ಪಟ್ಟಿಯಲ್ಲೂ ಮೇಲಿರದ ಇನ್ನೊಂದು ವಿಷಯ ಮಿಶಿಗನ್‌ಗೆ ಕೈ ಕೊಟ್ಟಿತ್ತು. ಎದುರಾಳಿ ಒದ್ದ ಚೆಂಡು ಹಿಡಿಯುವಾಗ ಜಾರಿ ಬಿತ್ತು, ಅದರಿಂದಲೇ ಅಲಬಾಮಾದ ಮೊದಲ ಟಚ್‌ಡೌನ್ ಬಂತು. ಮಿಶಿಗನ್ ತಾನು ಟಚ್‌ಡೌನ್ ಮಾಡಿದಮೇಲೆ ಸುಲಭವಾಗಿ ಸಿಗುವ ಒಂದು ಪಾಯಿಂಟ್‌ನ ಒದೆತವೂ ತಪ್ಪಿತು. ಅಲಬಾಮಾ ಕಡೆ ವಿಲ್ ರೈಕರ್ಡ್ ಮಾತ್ರ 50 ಗಜ, 52 ಗಜದಿಂದ ಗೋಲ್ ಕಂಬಗಳ ನಡುವೆ ತಣ್ಣಗೆ ಒದ್ದು ಹಾಕುತ್ತಿದ್ದ, ಒಂದೊಂದಕ್ಕೆ ಮೂರು ಪಾಯಿಂಟ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಲಬಾಮಾ 20, ಮಿಶಿಗನ್ 13.

ಸಮಯ ಮುಗಿಯುತ್ತಿದೆ, ಮಿಶಿಗನ್‌ಗೆ ನಾಲ್ಕನೇ ಪ್ರಯತ್ನದಲ್ಲಿ ಎರಡು ಗಜ ಬೇಕು, ತಪ್ಪಿದರೆ ಹೆಚ್ಚುಕಮ್ಮಿ ಕಥೆ ಮುಗೀತು. ಓಡೋ ತಂಡ ಅಂತ ಎಲ್ಲರೂ ಅಂದುಕೊಂಡಿದ್ದರಲ್ಲ, ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಓಡುಗಾರ ಕೋರಮ್‌ಗೇ ಪಾಸ್ ಕೊಟ್ಟ. ಅಲ್ಲಿಂದ ಮುಂದೆ ಹೋಗಿ, 1 ನಿಮಿಷ 34 ಸೆಕೆಂಡ್ ಉಳಿದಿರುವಾಗ ರೋಮನ್ ವಿಲ್ಸನ್ ಕೈಗೆ ನಾಲ್ಕು ಗಜದ ಟಚ್‌ಡೌನ್. 20-20. ಓವರ್‌ಟೈಮ್‌ನಲ್ಲಿ ಇಬ್ಬರಿಗೂ ಒಂದೊಂದು ಸರದಿ. ಮಿಶಿಗನ್‌ಗೆ ಎರಡೇ ಆಟ ಸಾಕಾಯಿತು, ಎರಡೂ ಕೋರಮ್ ಓಟ, ಎರಡನೆಯದು 17 ಗಜದ ಟಚ್‌ಡೌನ್.

ಈಗ ಅಲಬಾಮಾ ಸರದಿ. ನಾಲ್ಕನೇ ಪ್ರಯತ್ನ, ಗೋಲ್ ಗೆರೆಗೆ ಮೂರು ಗಜ. 31 ಗಜ ದಾಟಿದವರಿಗೆ ಮೂರು ಗಜ. ಸ್ನ್ಯಾಪ್ ಕೆಳಗೆ ಬಂತು, ಮಿಲ್ರೋ ಬಾಗಿ ಎತ್ತಿಕೊಂಡು ನೇರ ಮಧ್ಯಕ್ಕೆ ನುಗ್ಗಿದ, ಅಲ್ಲಿ ದಾರಿ ಇರಲಿಲ್ಲ, ಮಿಶಿಗನ್‌ನ ಸಾಲು ಇತ್ತು. 27-20. ಡಿಫೆನ್ಸ್ ಕಡೆಯ ಪ್ರಶಸ್ತಿ ಮೇಸನ್ ಗ್ರಹಾಂಗೆ.

ಒಂದು ವಾರದ ನಂತರ ಮಿಶಿಗನ್ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34-13ರಿಂದ ಸೋಲಿಸಿ ಚಾಂಪಿಯನ್ ಆಯಿತು, 1997ರ ನಂತರ ಮೊದಲ ಸಲ. ಸೇಬನ್ ಜನವರಿ 10ಕ್ಕೆ ನಿವೃತ್ತಿ ಹೇಳಿದರು. ಹಾರ್ಬಾ ಎನ್‌ಎಫ್‌ಎಲ್‌ಗೆ, ಅಂದರೆ ವೃತ್ತಿಪರ ಲೀಗ್‌ಗೆ ಹೋದರು.

ಜಗಳ ನಿಂತಿತಾ ಅಂದ್ರೆ, ಇಲ್ಲ. 2024ರ ಡಿಸೆಂಬರ್ 31ಕ್ಕೆ ಇದೇ ಎರಡು ತಂಡ ಫ್ಲೋರಿಡಾದ ಟ್ಯಾಂಪಾದಲ್ಲಿ ಮತ್ತೆ ಆಡಿದವು. ಪ್ಲೇಆಫ್ ಅಲ್ಲ, ಹೊಸ ಕೋಚ್‌ಗಳು, ಗ್ರಹಾಂ ಸೇರಿ ಮಿಶಿಗನ್‌ನ ದೊಡ್ಡ ಹೆಸರುಗಳು ಆಡಲೂ ಇಲ್ಲ. ಮಿಶಿಗನ್ 19, ಅಲಬಾಮಾ 13. ಪ್ಲೇಆಫ್ ಅಲ್ಲದ ಬೌಲ್ ಮ್ಯಾಚ್ ಎಲ್ಲಾ ಲೆಕ್ಕಕ್ಕಿಲ್ಲ ಬಿಡಿ ಅಂದರು ಅಲಬಾಮಾದವರು. ಸಿಟ್ರಸ್ ಬೌಲ್‌ನ 35-16 ಮಾತ್ರ ಈಗಲೂ ಲೆಕ್ಕಕ್ಕಿದೆಯಂತೆ.