ಟೆಕ್ನಿಕಲ್ ರೈಟರ್ ಆಗಬೇಕೆ? ಮೊದಲು ಒಂದು ಕೆಟ್ಟ ಕೈಪಿಡಿ ಹುಡುಕಿ

ನಮಸ್ಕಾರ. ಯಂತ್ರ, ತಂತ್ರಾಂಶಗಳನ್ನು ಬಳಸುವ ಬಗೆ ತಿಳಿಸುವ ಕೈಪಿಡಿಗಳನ್ನು ಬರೆಯುವವರೇ ಟೆಕ್ನಿಕಲ್ ರೈಟರ್. ಟೆಕ್ನಿಕಲ್ ರೈಟರ್ ಆಗಬೇಕೆಂದು ಹೊರಟವರಿಗೆ ಎಲ್ಲ ಕಡೆಯೂ ಸಿಗುವ ಸಲಹೆ ಒಂದೇ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಕಂಪ್ಯೂಟರ್ ಅಷ್ಟಿಷ್ಟು ಗೊತ್ತಿದೆ, ಒಂದು ಕೋರ್ಸ್ ಮುಗಿಸಿ, ಒಂದೆರಡು ಸಾಫ್ಟ್‌ವೇರ್ ಕಲಿಯಿರಿ, ಉಳಿದದ್ದು ತಾನಾಗಿ ಆಗುತ್ತದೆ. ಈ ಸಲಹೆಯ ಮೇಲೆ ನನಗೆ ನಂಬಿಕೆಯಿಲ್ಲ. ಈ ಕೆಲಸದಲ್ಲಿ ಬರೆಯುವುದಕ್ಕೆ ಹಿಡಿಯುವ ಹೊತ್ತು ಕಡಿಮೆ. ಕೇಳುವುದಕ್ಕೆ, ಒತ್ತಿ ನೋಡುವುದಕ್ಕೆ, ಬೇಕೆಂದೇ ಕೆಡಿಸಿ ನೋಡುವುದಕ್ಕೆ, ಎಂಜಿನಿಯರ್ ಹೇಳಿದ್ದಕ್ಕೂ ಯಂತ್ರ ಮಾಡುವುದಕ್ಕೂ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ಹಿಡಿಯುವ ಹೊತ್ತೇ ಹೆಚ್ಚು. ಹಾಗಾದರೆ ಕಲಿಕೆಯೂ ಅಲ್ಲಿಂದಲೇ ಶುರುವಾಗಬೇಕಲ್ಲವೇ?

ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ಕಥೆಯನ್ನು ಕಂಪ್ಯೂಟರ್ ಓದಿದವರು ಕೇಳಿರುತ್ತಾರೆ. 1985ರಿಂದ 1987ರ ನಡುವೆ ಅದು ಉತ್ತರ ಅಮೆರಿಕದಲ್ಲಿ ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಹಾಯಿಸಿತು. ಅವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ತಂತ್ರಾಂಶದಲ್ಲಿ ದೋಷವಿತ್ತು, ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ಇದರಲ್ಲಿ ಕೈಬಿಡಲಾಗಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಮ್ಮ ವೃತ್ತಿಯವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1986ರಲ್ಲಿ ಟೆಕ್ಸಾಸ್‌ನ ಆಸ್ಪತ್ರೆಯೊಂದರಲ್ಲಿ ತೆರೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದು ಮೂಡಿತು. ಯಂತ್ರ ನಡೆಸುವವರಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಈ ಸಂಖ್ಯೆಗಳ ವಿವರಣೆಯೇ ಇರಲಿಲ್ಲ. ಇಂಥ ಸಂದೇಶಗಳು ಪದೇ ಪದೇ ಬರುತ್ತಿದ್ದವು. ‘ಪಿ’ ಕೀಲಿ ಒತ್ತಿದರೆ ಚಿಕಿತ್ಸೆ ಮುಂದುವರಿಯುತ್ತಿತ್ತು. ಅಂದೂ ಒತ್ತಿದರು.

ಕೈಪಿಡಿ ಚೆನ್ನಾಗಿದ್ದಿದ್ದರೆ ತಂತ್ರಾಂಶದ ದೋಷ ಮಾಯವಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಸಂದೇಶಗಳ ಪಟ್ಟಿ ಹಿಡಿದುಕೊಂಡು, ‘54 ಬಂದರೆ ಏನರ್ಥ? ಮುಂದುವರಿಯಬಹುದೇ, ನಿಲ್ಲಿಸಬೇಕೇ?’ ಎಂದು ಎಂಜಿನಿಯರ್‌ಗಳ ಬೆನ್ನು ಹತ್ತುವ ಒಬ್ಬರು ಅಲ್ಲಿ ಬೇಕಿತ್ತು. ಉತ್ತರ ಸಿಗುವವರೆಗೆ ಬಿಡದವರು. ಟೆಕ್ನಿಕಲ್ ರೈಟರ್ ಎಂದರೆ ನನ್ನ ಮಟ್ಟಿಗೆ ಆ ಮನುಷ್ಯ.

ಇಂಗ್ಲಿಷ್ ವಿಷಯಕ್ಕೆ ಬರೋಣ, ಏಕೆಂದರೆ ಹಿಂಜರಿಯುವವರಲ್ಲಿ ಬಹಳ ಮಂದಿ ಇದಕ್ಕೇ ಹಿಂಜರಿಯುತ್ತಾರೆ. ವಿಮಾನ ದುರಸ್ತಿಯ ಕೈಪಿಡಿಗಳಿಗೆಂದೇ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಎಂಬ ನಿಯಮಾವಳಿಯಿದೆ. ಅದರ ಬೇರು 1980ರ ದಶಕದಲ್ಲಿದೆ. ಇಂಗ್ಲಿಷ್ ತಾಯ್ನುಡಿಯಲ್ಲದ ಮೆಕ್ಯಾನಿಕ್‌ಗೂ ತಪ್ಪಿಲ್ಲದೆ ತಿಳಿಯಬೇಕೆಂಬುದು ಅದರ ಉದ್ದೇಶ. ಅನುಮತಿಸಿದ ಸಾಮಾನ್ಯ ಪದಗಳು ಸುಮಾರು 900. ಕೆಲಸದ ಕ್ರಮ ಹೇಳುವ ವಾಕ್ಯದಲ್ಲಿ 20 ಪದ ಮೀರುವಂತಿಲ್ಲ, ವಿವರಣೆಯ ವಾಕ್ಯದಲ್ಲಿ 25. ಒಂದು ಪದಕ್ಕೆ ಒಂದೇ ಅರ್ಥ. ಅಲಂಕಾರದ ಇಂಗ್ಲಿಷ್ ಬಲ್ಲವರಿಗೆ ಇಲ್ಲಿ ಉಸಿರು ಕಟ್ಟುತ್ತದೆ. ಅಳೆದು ಬರೆಯುವವರಿಗೆ ತೊಂದರೆಯಿಲ್ಲ. ಎಲ್ಲ ಕಂಪನಿಗಳೂ ಇದನ್ನೇ ಪಾಲಿಸುವುದಿಲ್ಲ, ಆದರೆ ಒಳ್ಳೆಯ ಕೈಪಿಡಿಯ ಒಲವು ಈ ಕಡೆಗೇ. ನಿಮ್ಮ ವ್ಯಾಕರಣ ಗಟ್ಟಿಯಾಗಿರಲಿ. ಶಬ್ದಭಂಡಾರದ ಚಿಂತೆ ಬಿಡಿ.

ಈಗ ಶುರುಮಾಡುವ ಬಗೆ. ನೀವು ಬಳಸುವ ಒಂದು ಮುಕ್ತ ತಂತ್ರಾಂಶ (ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದದ್ದು) ಆರಿಸಿಕೊಳ್ಳಿ, ತೀರಾ ದೊಡ್ಡದು ಬೇಡ. ಅದನ್ನು ಹೊಸದಾಗಿ ಅನುಸ್ಥಾಪಿಸುವ ಸೂಚನೆಗಳನ್ನು ತೆರೆದು, ಏನೂ ಗೊತ್ತಿಲ್ಲದವರಂತೆ, ಅಕ್ಷರಶಃ ಅಲ್ಲಿ ಬರೆದಷ್ಟನ್ನೇ ಮಾಡುತ್ತ ಹೋಗಿ. ನಿಮ್ಮ ಬುದ್ಧಿಯಿಂದ ಒಂದು ಹೆಜ್ಜೆಯನ್ನೂ ತುಂಬಿಕೊಳ್ಳಬೇಡಿ. ಎಲ್ಲೋ ಒಂದು ಕಡೆ ನಿಲ್ಲುತ್ತೀರಿ, ಖಂಡಿತ. ‘ಅಗತ್ಯಕ್ಕೆ ತಕ್ಕಂತೆ ಕಾನ್ಫಿಗರೇಶನ್ ಫೈಲ್ ಬದಲಿಸಿ’ ಎಂಬ ಸಾಲಿನ ಹತ್ತಿರ ಎಂದೇ ಇಟ್ಟುಕೊಳ್ಳಿ. ತಂತ್ರಾಂಶದ ಹೊಂದಿಕೆಗಳನ್ನು ಬರೆದಿಡುವ ಫೈಲ್ ಅದು. ಯಾವ ಫೈಲ್? ಯಾವ ಫೋಲ್ಡರ್‌ನಲ್ಲಿ? ಯಾವ ಮೌಲ್ಯ ಕಡ್ಡಾಯ, ಯಾವುದನ್ನು ಮುಟ್ಟದಿದ್ದರೂ ನಡೆಯುತ್ತದೆ? ಬದಲಿಸಿದ ಮೇಲೆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಬೇಕೇ? ತಪ್ಪು ಮೌಲ್ಯ ಕೊಟ್ಟರೆ ಎಚ್ಚರಿಕೆ ಬರುತ್ತದೆಯೇ, ಸುಮ್ಮನಿರುತ್ತದೆಯೇ? ಬರೆದ ಎಂಜಿನಿಯರ್‌ಗೆ ಇವೆಲ್ಲ ಎಷ್ಟು ಸಹಜವೆಂದರೆ, ಬರೆಯಬೇಕೆಂದೇ ತೋಚಿಲ್ಲ. ಒಂದೊಂದಕ್ಕೂ ಮಾಡಿ ನೋಡಿ ಉತ್ತರ ಕಂಡುಕೊಳ್ಳಿ, ಆ ಒಂದು ಸಾಲನ್ನು ಆರು ಸಾಲಾಗಿಸಿ, ತಿದ್ದುಪಡಿಯನ್ನು ಯೋಜನೆಗೆ ಕಳಿಸಿ.

ಇದಕ್ಕೆ ತಿದ್ದುಪಡಿಗಳ ಲೆಕ್ಕವಿಡುವ ಗಿಟ್ ಮತ್ತು ಸರಳ ಗುರುತುಗಳಿಂದ ಬರಹವನ್ನು ಜೋಡಿಸುವ ಮಾರ್ಕ್‌ಡೌನ್ ಬೇಕಾಗುತ್ತವೆ, ಕೆಲಸದ ನಡುವೆಯೇ ಕಲಿಯಬಹುದು. ಗೂಗಲ್ ಉಚಿತವಾಗಿ ಕೊಡುವ ಟೆಕ್ನಿಕಲ್ ರೈಟಿಂಗ್ ಪಾಠಗಳೂ ಚೆನ್ನಾಗಿವೆ, ಮಾಡಿ. ಕೈಪಿಡಿಯನ್ನು ಸಣ್ಣ ತುಂಡುಗಳಾಗಿ ಬರೆದು ಜೋಡಿಸುವ ಡಿಟಾ ಎಂಬ ಎಕ್ಸ್‌ಎಂಎಲ್ ಪದ್ಧತಿಯ ಹೆಸರನ್ನು ಉದ್ಯೋಗ ಜಾಹೀರಾತುಗಳಲ್ಲಿ ಕಂಡು ಗಾಬರಿಯಾಗುವುದು ಬೇಡ. ಅದು 2005ರಿಂದ ಮಾನಕವಾಗಿದೆ, ದೊಡ್ಡ ಕಂಪನಿಗಳಲ್ಲಿ ಬೇರೂರಿದೆ, ಕೆಲಸ ಕೊಟ್ಟವರೇ ಕಲಿಸುತ್ತಾರೆ.

ನೀವು ಕಳಿಸಿದ ತಿದ್ದುಪಡಿಗೆ ಬರುವ ಟೀಕೆಗಳನ್ನು ಅಳಿಸಬೇಡಿ, ಬಚ್ಚಿಡಬೇಡಿ. ಪ್ರಮಾಣಪತ್ರ ಎಲ್ಲರ ಹತ್ತಿರವೂ ಇರುತ್ತದೆ. ‘ಮೊದಲು ಹೀಗಿತ್ತು, ನಾನು ಹೀಗೆ ಪರೀಕ್ಷಿಸಿದೆ, ಯೋಜನೆಯ ನಿರ್ವಾಹಕರು ಈ ಆಕ್ಷೇಪ ಎತ್ತಿದರು, ಕೊನೆಗೆ ಹೀಗಾಯಿತು’ ಎಂದು ತೋರಿಸಬಲ್ಲವರು ವಿರಳ. ಸಂದರ್ಶಕರಿಗೆ ತಿಳಿಯಬೇಕಾದದ್ದೂ ಅದೇ.

ಪ್ರಶ್ನೆ ಕೇಳುವುದನ್ನೂ ಕಲಿಯಬೇಕು. ಒಂದು ತಂತ್ರಾಂಶ ಇನ್ನೊಂದರೊಡನೆ ಮಾತಾಡುವ ದಾರಿಗೆ ಎಪಿಐ ಎನ್ನುತ್ತಾರೆ. ‘ಈ ಎಪಿಐ ಹೇಗೆ ಕೆಲಸ ಮಾಡುತ್ತದೆ, ಸ್ವಲ್ಪ ಹೇಳುತ್ತೀರಾ?’ ಎಂದರೆ ಎಂಜಿನಿಯರ್ ಮುಖ ಸಿಂಡರಿಸುವುದು ಸಹಜ. ಅವರ ಒಂದು ಗಂಟೆ ಕೇಳುತ್ತಿದ್ದೀರಿ. ‘ಅವಧಿ ಮುಗಿದ ಟೋಕನ್‌ನಿಂದ ಕೋರಿಕೆ ಕಳಿಸಿದೆ, 403 ಬಂತು. 401 ಬರಬೇಕಿತ್ತಲ್ಲವೇ?’ ಎಂದು ಕೇಳಿ ನೋಡಿ. (ಟೋಕನ್ ಎಂದರೆ ಪ್ರವೇಶದ ಗುರುತುಚೀಟಿ. 401 ಎಂದರೆ ಗುರುತು ರುಜುವಾತಾಗಿಲ್ಲ, 403 ಎಂದರೆ ಅನುಮತಿಯಿಲ್ಲ.) ಕುರ್ಚಿ ನಿಮ್ಮ ಕಡೆ ತಿರುಗುತ್ತದೆ. ಅರ್ಧಕ್ಕರ್ಧ ಸಲ ಅವರಿಗೇ ಗೊತ್ತಿರದ ದೋಷವೊಂದು ಹೊರಬರುತ್ತದೆ, ಮುಂದಿನ ಸಲ ಅವರೇ ನಿಮ್ಮನ್ನು ಕರೆಯುತ್ತಾರೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡದೆ ಈಗ ಯಾವ ವೃತ್ತಿಯ ಬಗ್ಗೆಯೂ ಮಾತಾಡುವಂತಿಲ್ಲ. ಸುಳ್ಳು ಸಮಾಧಾನ ಹೇಳಲಾರೆ. ಎಂಜಿನಿಯರ್ ಕೊಟ್ಟ ಟಿಪ್ಪಣಿಯನ್ನು ಅಚ್ಚುಕಟ್ಟಾದ ಇಂಗ್ಲಿಷಿಗೆ ತರುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ಅದು ಉಳಿಯುವುದಿಲ್ಲ. ಯಂತ್ರ ಅದನ್ನು ಕ್ಷಣದಲ್ಲಿ ಮಾಡುತ್ತದೆ. ಆದರೆ ಇಂದಿನ ಆವೃತ್ತಿಯಲ್ಲಿ ಆ ಗುಂಡಿ ಒತ್ತಿದರೆ ನಿಜಕ್ಕೂ ಏನಾಗುತ್ತದೆ ಎಂಬುದು ಎಲ್ಲೂ ಬರೆದಿಲ್ಲದಿದ್ದಾಗ, ಭಾಷಾ ಮಾದರಿ ‘ಹೀಗಾಗಬಹುದು’ ಎನ್ನುವುದನ್ನು ‘ಹೀಗಾಗುತ್ತದೆ’ ಎಂದು ಧೈರ್ಯವಾಗಿ ಬರೆದುಬಿಡುತ್ತದೆ. ಓದಲು ಚಂದವಾಗಿಯೂ ಇರುತ್ತದೆ, ಅದೇ ಅಪಾಯ. ಕರಡನ್ನು ಅದರಿಂದ ಬರೆಸಿಕೊಳ್ಳಿ, ನನ್ನ ತಕರಾರಿಲ್ಲ. ಪ್ರತಿ ಹೆಜ್ಜೆಯನ್ನೂ ಮಾಡಿ ನೋಡಿದ್ದೇನೆ ಎಂದು ಹೆಸರು ಹಾಕುವವರು ನೀವಾಗಿರಿ.

ನೇರವಾಗಿ ಟೆಕ್ನಿಕಲ್ ರೈಟರ್ ಹುದ್ದೆ ಸಿಗದಿದ್ದರೆ ಗ್ರಾಹಕ ಬೆಂಬಲ ಅಥವಾ ಪರೀಕ್ಷಣಾ ವಿಭಾಗದಿಂದ ಒಳಬನ್ನಿ. ಜನ ಎಲ್ಲಿ ಎಡವುತ್ತಾರೆ ಎಂಬುದು ಅಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಇನ್ನು ಸಂದರ್ಶನಕ್ಕೆ ಕರೆ ಬಂದಾಗ, ಕೊನೆಯಲ್ಲಿ ‘ನಿಮಗೇನಾದರೂ ಪ್ರಶ್ನೆಗಳಿವೆಯೇ?’ ಎಂದು ಕೇಳಿದರೆ ಇದನ್ನು ಕೇಳಿ: ಹೊಸ ಸೌಲಭ್ಯ ಕಟ್ಟುವಾಗ ರೈಟರ್ ಯಾವ ಹಂತದಲ್ಲಿ ಸೇರುತ್ತಾರೆ? ವಿನ್ಯಾಸದ ಚರ್ಚೆಯಲ್ಲೇ ಎಂದರೆ ಒಳ್ಳೆಯದು. ಎಲ್ಲ ಮುಗಿದು ಬಿಡುಗಡೆಗೆ ಒಂದು ವಾರ ಇರುವಾಗ ಎಂದರೆ, ಮೊದಲ ಕೆಲಸವಾದ್ದರಿಂದ ಸೇರಿಕೊಳ್ಳಿ, ಆದರೆ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.