ಅರವತ್ತರ ಬಾಗಿಲು

ಕೇಳುಗರೇ, ನಮಸ್ಕಾರ.

ಅಮೆರಿಕದ ಸೆನೆಟ್‌ನಲ್ಲಿ ನೂರೂ ಸದಸ್ಯರು ಹಾಜರಿದ್ದರೆ ಮಸೂದೆ ಅಂಗೀಕಾರಕ್ಕೆ 51 ಮತ ಸಾಕು. ಆದರೆ ಮತಕ್ಕೆ ಹಾಕಬೇಕಾದರೆ ಮೊದಲು ಚರ್ಚೆ ಮುಗಿಯಬೇಕು. ಒಪ್ಪದವರಿದ್ದಾಗ ಅದನ್ನು ಮುಗಿಸಲು ಬೇಕು 60. ಫಿಲಿಬಸ್ಟರ್ ಎಂಬ ತಡೆತಂತ್ರ ಬದುಕಿರುವುದು ಈ ಒಂಬತ್ತು ಮತಗಳ ಸಂದಿಯಲ್ಲಿ.

ಮಾತಿಗೆ ಎದ್ದವರು ಕೂರುವಂತಿಲ್ಲ, ಸಭಾಂಗಣ ಬಿಡುವಂತಿಲ್ಲ. ಬೇರೆಯವರು ಪ್ರಶ್ನೆ ಕೇಳಿದರೆ ಗಂಟಲಿಗೆ ಬಿಡುವು ಸಿಗುತ್ತದೆ. ಆದರೆ 'ಪ್ರಶ್ನೆಗೆ ಮಾತ್ರ' ಎಂದು ಹೇಳದೆ ಬಿಟ್ಟುಕೊಟ್ಟರೆ ಸರದಿಯೇ ಕೈತಪ್ಪೀತು. 1935ರಲ್ಲಿ ಹ್ಯೂಯಿ ಲಾಂಗ್ ಹೊತ್ತು ತಳ್ಳಲು ಅಡುಗೆಯ ವಿಧಾನಗಳನ್ನೇ ವಿವರಿಸಿದರು. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಸ್ಟ್ರೋಮ್ ಥರ್ಮಂಡ್ ಮಾತಾಡಿದ್ದು 24 ಗಂಟೆ 18 ನಿಮಿಷ. ಮೂತ್ರದ ಕಾಟ ತಪ್ಪಲೆಂದು ಮೊದಲೇ ಹಬೆಸ್ನಾನ ಮಾಡಿ ಮೈಯ ನೀರು ಇಳಿಸಿಕೊಂಡಿದ್ದರಂತೆ. ಅವರು ಕೂತರು, ಮಸೂದೆ ಪಾಸಾಯಿತು! ಒಂಟಿ ಗಂಟಲಿನಿಂದ ಆಗುವುದು ಇಷ್ಟೇ. ಸರದಿ ಕಟ್ಟಿಕೊಂಡವರನ್ನು ಮಣಿಸುವುದು ಕಷ್ಟ: 1964ರಲ್ಲಿ ದಕ್ಷಿಣದ ಸದಸ್ಯರ ಅಂಥ ಕೂಟ ವಾರಗಟ್ಟಲೆ ಸದನವನ್ನು ಹಿಡಿದಿಟ್ಟಿತ್ತು. ಜೂನ್ 10ರಂದು 71–29 ಮತಗಳಿಂದ ಅದು ಮುರಿಯಿತು.

ಚರ್ಚೆ ಮುಗಿಸುವ ಈ ನಿರ್ಣಯಕ್ಕೆ ಕ್ಲೋಷರ್ ಎನ್ನುತ್ತಾರೆ. 1917ರಲ್ಲಿ ಬಂದಾಗ ಅದಕ್ಕೆ ಮೂರನೇ ಎರಡರಷ್ಟು ಮತ ಬೇಕಿತ್ತು. 1975ರಲ್ಲಿ ಅದನ್ನು 60ಕ್ಕೆ ಇಳಿಸಿದರು. ಸಡಿಲವಾದಂತೆ ಕಂಡರೂ ಒಳಗೊಂದು ಗಂಟಿತ್ತು: ಹಿಂದೆ ಹಾಜರಿದ್ದು ಮತ ಹಾಕಿದವರಲ್ಲಿ ಲೆಕ್ಕ, ಈಗ ಒಟ್ಟು ಸದಸ್ಯಬಲದಲ್ಲಿ. ಹಾಗಾಗಿ ವಿರೋಧಿಸುವವರು ಮನೆಯಲ್ಲಿ ಮಲಗಿದ್ದರೂ ನಡೆಯುತ್ತದೆ; 60 ಜನರನ್ನು ಕಲೆಹಾಕುವ ಪಾಡು ಮಸೂದೆ ತಂದವರದ್ದು. ಅದೇ ದಶಕದಲ್ಲಿ, ತಡೆಬಿದ್ದ ಮಸೂದೆಯನ್ನು ಬದಿಗಿಟ್ಟು ಬೇರೆ ಕಲಾಪ ನಡೆಸುವ ಪದ್ಧತಿಯೂ ಬಂತು. ಅಲ್ಲಿಗೆ ಭಾಷಣದ ಅಗತ್ಯವೇ ಹೋಯಿತು, ಬೆದರಿಕೆಯೇ ಸಾಕು.

ಕ್ಲೋಷರ್‌ಗೆ 16 ಸದಸ್ಯರ ಸಹಿ ಬೇಕು. ನಡುವೆ ಒಂದು ದಿನ ಬಿಟ್ಟು ಮತದಾನ. ಗೆದ್ದರೂ ಇನ್ನು 30 ಗಂಟೆ ಚರ್ಚೆಗೆ ಅವಕಾಶವಿದೆ. ಮಸೂದೆಯನ್ನು ಎತ್ತಿಕೊಳ್ಳುವ ಪ್ರಸ್ತಾವಕ್ಕೊಮ್ಮೆ, ಮಸೂದೆಗೊಮ್ಮೆ ಇದೇ ಸುತ್ತು ಬಂದರೆ ವಾರಗಳೇ ಕಳೆಯುತ್ತವೆ. ನೇಮಕಾತಿಗಳಿಗೆ 2013ರಲ್ಲಿ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ 2017ರಲ್ಲಿ ಈ 60ರ ಕಟ್ಟು ತೆಗೆದರು.

ನಮ್ಮ ಲೋಕಸಭೆಯಲ್ಲಿ ಕಲಾಪ ಸಲಹಾ ಸಮಿತಿಯೇ ಗಂಟೆಗಳನ್ನು ಹಂಚುತ್ತದೆ, ಹೊತ್ತು ಮೀರಿದರೆ ಸ್ಪೀಕರ್ ಗಂಟೆ ಬಾರಿಸುತ್ತಾರೆ. ಹೀಗಾಗಿ ಇಲ್ಲಿ ತಡೆಯುವವರು ಭಾಷಣ ಉದ್ದ ಮಾಡುವುದಿಲ್ಲ, ಸದನದ ಬಾವಿಗಿಳಿಯುತ್ತಾರೆ.